ಬಲಗೈಯ ಮಹಜರು

ಬಲಗೈ ಎದ್ದು ಆಗಲೇ ಬಹಳ ಹೊತ್ತಾಗಿತ್ತು. ಅವನು ಏಳುವುದೊಂದೇ ಬಾಕಿ. ಹೊದಿಕೆಯ ಮೇಲೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಣದ ದಾರವೊಂದನ್ನು ಹೊಸೆಯುತ್ತ, ಆ ಕೈ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಇಷ್ಟು ನಿಯತ್ತಿನ ಕೆಲಸಗಾರ ತನ್ನ ಆಫೀಸಿನಲ್ಲಿ ಒಬ್ಬನೂ ಇರಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ರಜೆಯಿಲ್ಲ, ಭಾನುವಾರವಿಲ್ಲ. ಎಡಗೈಯಿಂದ ಅದನ್ನು ಹಿಡಿದು ಹಾಸಿಗೆಗೆ ಒತ್ತಿದ. ಒತ್ತಿದಷ್ಟು ಹೊತ್ತು ಸುಮ್ಮನಿತ್ತು. ಬಿಟ್ಟೊಡನೆ, ಮೇಷ್ಟ್ರು ಹೊರಗೆ ಹೋದ ಮೇಲಿನ ಕ್ಲಾಸಿನ ಹಾಗೆ, ಮತ್ತೆ ಶುರು. ಮೂವತ್ತೆರಡು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು ಅವನು. ಊರಿನ ಅಂಗಡಿಗಳಲ್ಲಿ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವವರೆಗೆ ಉಸಿರು ಹಿಡಿದು ಕಾಯುವುದೇ ಅವನ ಕಸುಬು. ವ್ಯಾಪಾರಿಗಳು ಬೆನ್ನ ಹಿಂದೆ ಅವನನ್ನು ಮುಳ್ಳಪ್ಪ ಎನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಬಿದ್ದ ದಿನ ಸಿಟ್ಟಿನ ಮುಖ ಮಾಡಿಕೊಂಡು ಮನೆಗೆ ಬಂದು, ಕನ್ನಡಿಯ ಮುಂದೆ ನಿಂತು ಒಬ್ಬನೇ ನಕ್ಕಿದ್ದ. ಹೆಸರೆಂದರೆ ಹಾಗಿರಬೇಕು. ಈಗ ಮುಳ್ಳಪ್ಪನ ಕೈಯೇ ಒಂದು ಕಡೆ ನಿಲ್ಲದು. ಹನ್ನೊಂದು ಗಂಟೆಗೆ ಕೈಯ ಪರೀಕ್ಷೆಗೆ ಕ್ಲಿನಿಕ್ಕಿನವಳು ಬರುತ್ತಾಳೆಂಬುದು ನೆನಪಾಯಿತು.

ಊಟದ ಮೇಜಿನ ಗೋಡೆ ಕಡೆಯ ತುದಿಯಲ್ಲಿ ಪೆಟ್ಟಿಗೆ ಕೂತಿತ್ತು. ಪುಸ್ತಕದಷ್ಟು ಅಗಲದ ಪರದೆ, ನೆತ್ತಿಯ ಮೇಲೆ ಕಡಲೆ ಗಾತ್ರದ ಕ್ಯಾಮೆರಾ, ಹೊಟ್ಟೆಯೊಳಗೆ ಒಬ್ಬ ಹೆಂಗಸಿನ ದನಿ. ಪಾರ್ಕಿನ್ಸನ್ ಕಾಯಿಲೆಯವರು ಹತ್ತಾರು ಸಲ ಅಲೆಯುವುದು ಬೇಡವೆಂದು ಕ್ಲಿನಿಕ್ಕಿನವರು ಮೂವತ್ತು ಮನೆಗಳಲ್ಲಿ ಇಂಥ ಪೆಟ್ಟಿಗೆ ಇಟ್ಟಿದ್ದರು. ಬೆಳಿಗ್ಗೆ ಏಳೂವರೆಗೆ ಅದು ತಾನಾಗಿ ಎಚ್ಚೆತ್ತು, ಬಲಗೈ ತೋರಿಸಿ ಎನ್ನುತ್ತದೆ. ತೋರಿಸಿದರೆ, ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ ತಟ್ಟಿ, ಆದಷ್ಟು ಅಗಲವಾಗಿ, ಆದಷ್ಟು ಬೇಗ, ಎನ್ನುತ್ತದೆ. ಆಮೇಲೆ ಮುಷ್ಟಿ ಬಿಗಿದು ಬಿಚ್ಚುವುದು, ಅಂಗೈ ಮಗುಚುವುದು, ಕೊನೆಗೆ ಕೈಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂರುವುದು. ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಒಂದು ಅಂಕಿ ಮೂಡುತ್ತದೆ. ಸೊನ್ನೆ ಎಂದರೆ ಆರೋಗ್ಯವಂತನ ಕೈ. ನಾಲ್ಕು ಎಂದರೆ ಇದ್ದೂ ಇಲ್ಲದ ಕೈ. ಆ ಅಂಕಿ ಆಗಿಂದಾಗಲೇ ಕ್ಲಿನಿಕ್ಕಿಗೆ ಹೋಗುತ್ತದೆ, ಗುಳಿಗೆ ಹೆಚ್ಚಿಸಬೇಕೋ ಇದ್ದಷ್ಟೇ ಸಾಕೋ ಎಂದು ಡಾಕ್ಟರು ಅದನ್ನು ನೋಡಿ ತೀರ್ಮಾನಿಸುತ್ತಾರೆ. ಪೆಟ್ಟಿಗೆ ಮನೆಗೆ ಬಂದ ದಿನ ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಊರಿನವರ ತಕ್ಕಡಿಯನ್ನೆಲ್ಲ ತಪಾಸಣೆ ಮಾಡಿದಿರಿ, ಈಗ ನಿಮ್ಮ ತಪಾಸಣೆಗೆ ಮನೆಯೊಳಗೇ ಇನ್ಸ್‌ಪೆಕ್ಟರ್ ಬಂದು ಕೂತಿದ್ದಾರೆ ನೋಡಿ, ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ, ಮುಖ ಸಹಕರಿಸಿದಷ್ಟು.

ಇವತ್ತು ಪೆಟ್ಟಿಗೆ ಏಳೂವರೆಗೆ ಕರೆಯಲಿಲ್ಲ. ಹನ್ನೊಂದಕ್ಕೆ ಅವಳ ಎದುರಿಗೇ ಪರೀಕ್ಷೆಯಾಗಬೇಕೆಂದು ಅದಕ್ಕೆ ಮೊದಲೇ ಹೇಳಿಟ್ಟಿದ್ದರು. ಕಪ್ಪು ಪರದೆಯಲ್ಲಿ ಅವನ ಮುಖವೇ ಮಂಕಾಗಿ ಕಾಣುತ್ತಿತ್ತು. ಐದು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಇದೇ ಕ್ಲಿನಿಕ್ಕಿನವಳು ಎದುರಿಗೆ ನಿಂತು ತನ್ನ ಬಲಗೈ ಎತ್ತಿ ಬೆರಳು ತಟ್ಟಿ ತೋರಿಸಿದ್ದಳು. ಹೀಗೆ ಮಾಡಿ ಸರ್, ಅಷ್ಟೇ, ಎಂದು ಹೇಳಿ, ಇನ್ನೆರಡು ಮನೆಗೆ ಹೋಗಬೇಕೆಂದು ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಮಾರನೆಯ ಬೆಳಿಗ್ಗೆ ಅವನು ಕಣ್ಣಿಗೆ ಕಟ್ಟಿದ್ದ ಆ ಚಿತ್ರವನ್ನೇ ಅನುಸರಿಸಿದ, ಎದುರು ನಿಂತವಳ ಕೈ ಯಾವ ಬದಿಗಿತ್ತೋ ಅದೇ ಬದಿಯ ಕೈ ಎತ್ತಿದ. ಬೆರಳುಗಳು ಚುರುಕಾಗಿ ತಟ್ಟಿದವು. ಐದನೆಯ ತಟ್ಟಿಗೆ ಅವನಿಗೆ ಹೊಳೆಯಿತು, ಇದು ಎಡಗೈ. ಪೆಟ್ಟಿಗೆಗೆ ಹೊಳೆಯಲಿಲ್ಲ. ಅಂಗೈ ಕಂಡರೆ ಅದಕ್ಕೆ ಸಾಕು, ಎಡವೋ ಬಲವೋ ವಿಚಾರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಹೇಳಿದ ಕೈಯನ್ನೇ ಜನ ತೋರಿಸುತ್ತಾರೆಂದು ನಂಬಿ ಮಾಡಿದ ಯಂತ್ರ. ನಿಲ್ಲಿಸಬಹುದಾಗಿತ್ತು. ಆರು, ಏಳು, ಎಂಟು ಎಂದು ಅವನು ತಟ್ಟುತ್ತಲೇ ಹೋದ. ಬಲಗೈ ಮೇಜಿನ ಕೆಳಗೆ ಎರಡು ಮೊಣಕಾಲುಗಳ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಪರದೆಯಲ್ಲಿ ಒಂದು ಎಂದು ಮೂಡಿತು. ಅಷ್ಟರಲ್ಲಿ ಹೆಂಡತಿ ತಲೆ ಒರೆಸಿಕೊಳ್ಳುತ್ತ ಸ್ನಾನದ ಮನೆಯಿಂದ ಬಂದಳು, ಅಂಕಿ ನೋಡಿದಳು, ಒದ್ದೆ ಕೈಯಿಂದಲೇ ಅವನ ತೋಳು ಹಿಡಿದುಕೊಂಡು ನಿಂತಳು. ಎಷ್ಟೋ ತಿಂಗಳ ಮೇಲೆ ಅವಳ ಹಣೆಯ ಗೆರೆ ಸಡಿಲಾಗಿದ್ದನ್ನು ಅವನು ಕಂಡ. ನಾಳೆ ಸರಿಮಾಡಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂದು ಸುಮ್ಮನೆ ಹೇಳುತ್ತಾರೆಯೇ.

ತೋರಿಸುವ ತೂಕದ ಬಟ್ಟು ಬೇರೆ, ತೂಗುವ ಬಟ್ಟು ಬೇರೆ. ಅವನ ಕಾಲದ ಅಂಗಡಿಕಾರರ ಅತಿ ಹಳೆಯ ಆಟ ಅದು. ಇನ್ಸ್‌ಪೆಕ್ಟರು ಬೀದಿಯ ಮೂಲೆಯಲ್ಲಿ ಕಂಡನೆಂದರೆ ಗಲ್ಲಾದ ಕೆಳಗಿನಿಂದ ಹೊಳೆಯುವ ಬಟ್ಟುಗಳು ಮೇಲೆ ಬರುತ್ತಿದ್ದವು, ಸವೆದವು ಕೆಳಗೆ ಇಳಿಯುತ್ತಿದ್ದವು. ಅವನು ಹೊಳೆಯುವುದನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಬಗ್ಗಿ ಕೆಳಗೆ ಕೈ ಹಾಕುತ್ತಿದ್ದ. ಕೆಳಗಿದ್ದುದೇ ಅಂಗಡಿ, ಮೇಲಿದ್ದುದು ಬರೀ ಬೋರ್ಡು, ಎನ್ನುತ್ತಿದ್ದ ಜೊತೆಯವರಿಗೆ. ಈಗ ದಿನವೂ ಬೆಳಿಗ್ಗೆ ಏಳೂವರೆಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವನ ಮೊಣಕಾಲುಗಳ ನಡುವೆ ಕೆಳಗಿನ ಬಟ್ಟು ಅದುರುತ್ತ ಕೂತಿರುತ್ತದೆ. ಇದರಿಂದ ನಷ್ಟವಾದರೆ ನನಗೆ ತಾನೇ, ಬೇರೆ ಯಾರ ಗಂಟು ಹೋಯಿತು, ಎಂದು ಅವನು ತನಗೆ ತಾನೇ ವಾದ ಮಾಡಿಕೊಂಡಿದ್ದ. ಆ ವಾದ ಎಲ್ಲೋ ಕೇಳಿದ್ದು ಅನ್ನಿಸುತ್ತಿತ್ತು. ಎಲ್ಲಿ ಎಂದು ಗೊತ್ತಾದದ್ದು ಮೊನ್ನೆ, ಕ್ಲಿನಿಕ್ಕಿನಿಂದ ಫೋನು ಬಂದ ಮೇಲೆ.

ಹಿಟ್ಟಿನ ಅಂಗಡಿಯ ಹೆಂಗಸು ಹೇಳಿದ್ದ ಮಾತು ಅದು. ಗಂಡ ಸತ್ತ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಮೊಣಕೈವರೆಗೂ ಬಿಳಿ, ರೆಪ್ಪೆಯ ಮೇಲೂ ಹಿಟ್ಟು. ಅವಳ ತಕ್ಕಡಿ ಕಿಲೋಗೆ ಹದಿನೈದು ಗ್ರಾಂ ತಪ್ಪು ತೋರಿಸುತ್ತಿತ್ತು, ಆದರೆ ಗಿರಾಕಿಯ ಕಡೆಗೆ. ಕೊಂಡವರಿಗೆ ದಿನವೂ ಹೆಚ್ಚೇ ಹೋಗುತ್ತಿತ್ತು. ಅಂಗಡಿಯ ಮುಂದೆ ಹತ್ತು ಜನ ಸೇರಿದ್ದರು. ಅವಳು ತಗ್ಗಿದ ದನಿಯಲ್ಲಿ, ನಂಗೆ ಗೊತ್ತಿತ್ತು ಸ್ವಾಮಿ, ಹೋದ್ರೆ ನಂದು ತಾನೆ ಹೋಗೋದು, ಯಾರಿಗೇನು ಮೋಸ, ಅಂತ ಸುಮ್ಮನಿದ್ದೆ, ಎಂದಿದ್ದಳು. ಅವನಿಗಾಗ ಮೂವತ್ತರ ವಯಸ್ಸು, ಸಮವಸ್ತ್ರಕ್ಕೆ ಇಸ್ತ್ರಿ ಹೊಸದು. ಎಲ್ಲರಿಗೂ ಕೇಳುವ ಹಾಗೆ, ತಪ್ಪು ಯಾರ ಕಡೆ ವಾಲಿದರೂ ತಪ್ಪೇ ಅಮ್ಮ, ಎಂದು ಹೇಳಿ ತಕ್ಕಡಿಯನ್ನು ಮುಟ್ಟುಗೋಲು ಹಾಕಿಕೊಂಡು, ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತು ಮಹಜರು ಬರೆದಿದ್ದ. ಅವಳು ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತಿದ್ದಳು; ಶಾಯಿಗೆ ಹಿಟ್ಟು ಮೆತ್ತಿ ಗುರುತು ಮೂಡಲಿಲ್ಲವೆಂದು ಎರಡು ಸಲ ಒತ್ತಿಸಿಕೊಂಡ. ಆ ಎರಡನೆಯ ಸಲ ಅವಳು ಅವನ ಮುಖವನ್ನು ನೋಡಿದ ರೀತಿ. ಕಾನೂನಿನಂತೆ ಅವನು ಮಾಡಿದ್ದು ಸರಿಯೇ, ಇವತ್ತಿಗೂ ಸರಿಯೇ. ಸರಿಯಾಗಿದ್ದೂ ಮೂವತ್ತು ವರ್ಷ ಕುತ್ತಿಗೆಯ ಹಿಂದೆ ಹಿಟ್ಟಿನ ಹಾಗೆ ಕೂತಿದೆ.

ಮೊನ್ನೆ ಬಂದ ಫೋನು ಹೆಂಡತಿಯೇ ಎತ್ತಿದ್ದಳು. ಮೂವತ್ತು ಪೆಟ್ಟಿಗೆಗಳ ಲೆಕ್ಕ ಒಂದಕ್ಕೊಂದು ಹೊಂದುತ್ತಿಲ್ಲವಂತೆ. ಯಾರ ಅಂಕಿಗಳು ದಿನದಿಂದ ದಿನಕ್ಕೆ ಹೆಚ್ಚು ಸ್ಥಿರವಾಗಿವೆಯೋ ಅಂಥ ನಾಲ್ವರನ್ನು ಆರಿಸಿ, ಅವರ ಕೈಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಪೆಟ್ಟಿಗೆಗಳನ್ನೆಲ್ಲ ತಿದ್ದುತ್ತಾರಂತೆ. ನಾಲ್ವರಲ್ಲಿ ಅವನು ಮೊದಲಿಗ. ಫೋನಿಟ್ಟ ಹೆಂಡತಿ ಅವನ ಹೆಗಲು ಬಳಸಿಕೊಂಡಳು. ಅವನ ಎದೆ ಮೊದಲು ಉಬ್ಬಿತು, ಇದನ್ನು ಒಪ್ಪಿಕೊಳ್ಳಲೇಬೇಕು. ಎಲ್ಲಿಟ್ಟರೂ ಮುಳ್ಳಪ್ಪ ಮುಳ್ಳಪ್ಪನೇ ಎಂದು ಒಂದು ಗಳಿಗೆ, ಪೂರಾ ಒಂದು ಗಳಿಗೆ, ಅವನು ನಿಜವಾಗಿಯೂ ಹೆಮ್ಮೆಪಟ್ಟ. ಆಮೇಲೆ ಆಫೀಸು ನೆನಪಾಯಿತು. ಅವನ ಆಫೀಸಿನ ಒಳಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೂಲ ಬಟ್ಟು ಇರುತ್ತಿತ್ತು. ಬರಿಗೈಯಲ್ಲಿ ಅದನ್ನು ಯಾರೂ ಮುಟ್ಟುವಂತಿಲ್ಲ, ಬೆರಳಿನ ಬೆವರು ಕೂಡ ತೂಕವೇ. ಇನ್ಸ್‌ಪೆಕ್ಟರುಗಳು ಹೊತ್ತು ತಿರುಗುವ ಬಟ್ಟುಗಳನ್ನು ವರ್ಷಕ್ಕೊಮ್ಮೆ ಅದಕ್ಕೆ ಹೋಲಿಸಿ ತಿದ್ದುತ್ತಿದ್ದರು. ಒಂದು ಅಂಗಡಿಯ ಬಟ್ಟು ಸುಳ್ಳಾದರೆ ಒಂದು ಅಂಗಡಿ ಸುಳ್ಳು. ಮೂಲ ಬಟ್ಟೇ ಸುಳ್ಳಾದರೆ ಊರಿಗೆ ಊರೇ ಸುಳ್ಳು, ಅದೂ ಯಾರೊಬ್ಬರೂ ಮೋಸ ಮಾಡದೆ. ಇಪ್ಪತ್ತಾರು ಮನೆಗಳಲ್ಲಿ ಯಾರೋ ಬೆಳಿಗ್ಗೆ ತಮ್ಮ ನಿಜವಾದ ಕೈ ಎತ್ತಿ ತೋರಿಸುತ್ತಾರೆ, ಅವರ ಗುಳಿಗೆಯ ಲೆಕ್ಕ ಇವನ ಎಡಗೈಯಿಂದ ತೀರ್ಮಾನವಾಗುತ್ತದೆ.

"ಕೈ ಕೊಡಿ" ಎಂದಳು ಹೆಂಡತಿ. ಶಾಲೆಯೊಂದರ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಇವತ್ತು ಅರ್ಧ ದಿನ ರಜೆ ಹಾಕಿದ್ದಳು. ಒಗೆದು ಇಸ್ತ್ರಿ ಮಾಡಿದ ನೀಲಿ ಗೆರೆಯ ಅಂಗಿಯನ್ನು ಅವನಿಗೆ ತೊಡಿಸಿ, ತೋಳಿನ ಗುಂಡಿ ಹಾಕುತ್ತಿದ್ದಳು. ಮೊದಲು ಇದಕ್ಕೆ ಅವನು ಬಿಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಂದೊಂದು ಗುಂಡಿಗೂ ಒಂದೊಂದು ಯುದ್ಧ ಮಾಡಿ, ಗೆದ್ದವನಂತೆ ಹೊರಗೆ ಬರುತ್ತಿದ್ದ, ಒಂದು ಗುಂಡಿ ಮೇಲೆ ಕೆಳಗಾಗಿ. ಈಗ ತಾನಾಗಿಯೇ ಕೈ ಚಾಚುತ್ತಾನೆ. ಬಲಗೈಯ ಗುಂಡಿಗೆ ಅವಳು ಬಹಳ ಹೊತ್ತು ತೆಗೆದುಕೊಂಡಳು, ಮಣಿಕಟ್ಟು ಅಲುಗುತ್ತಿದ್ದುದರಿಂದ. ಹೊಸ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಹತ್ತಿರ ಬಾಗಿ, ಅವಳು ಸಣ್ಣಗೆ ನಕ್ಕಳು. ಒಂದು ಮಾತು ಹೇಳ್ತೀನಿ, ನಗಬೇಡಿ, ಎಂದಳು. ಮೂರು ತಿಂಗಳಿಂದ ಅವನ ಕೈ ಮೊದಲಿಗಿಂತ ಹೆಚ್ಚು ಅಲುಗುತ್ತಿದೆ, ಲೋಟ ಹಿಡಿದರೆ ತುಳುಕುತ್ತಿದೆ, ಬರವಣಿಗೆ ಇರುವೆ ಸಾಲಿನ ಹಾಗೆ ಸಣ್ಣಗಾಗುತ್ತಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತಂತೆ. ಪೆಟ್ಟಿಗೆ ನೋಡಿದರೆ ದಿನವೂ ಒಂದು, ಒಂದು, ಒಂದು. ಯಂತ್ರ ಸುಳ್ಳು ಹೇಳುತ್ತದೆಯೇ. ಹಾಗಾದರೆ ತನ್ನ ಕಣ್ಣಿಗೇ ಏನೋ ಆಗಿರಬೇಕೆಂದು ಹೋಗಿ ಪರೀಕ್ಷೆ ಮಾಡಿಸಿಕೊಂಡು ಈ ಕನ್ನಡಕ ತಂದಿದ್ದಂತೆ. ಆ ಡಾಕ್ಟರು, ಹಳೆಯದೇ ನಡೆಯುತ್ತದೆ, ನಂಬರು ಏನೂ ಬದಲಾಗಿಲ್ಲ, ಎಂದರೂ ಅವಳು ಹಟ ಹಿಡಿದು ಹೊಸದು ಮಾಡಿಸಿದ್ದಳು. "ಇದರಲ್ಲೂ ಹಾಗೇ ಕಾಣುತ್ತೆ ನಂಗೆ. ವಯಸ್ಸಾಯ್ತು ಅಂತ ಕಾಣುತ್ತೆ, ಕಣ್ಣಿಗಲ್ಲ, ಮನಸ್ಸಿಗೆ. ಹೆದರಿಕೆಗೆ ಇಲ್ಲದ್ದೆಲ್ಲ ಕಾಣುತ್ತಲ್ಲ" ಎಂದು ಹೇಳಿ ಗುಂಡಿ ಹಾಕಿ ಮುಗಿಸಿ, ಅವನ ಕೈಯನ್ನು ತಟ್ಟಿ ಬಿಟ್ಟಳು.

ಸ್ವಲ್ಪ ಹೊರಗೆ ಹೋಗಿ ಬರುತ್ತೇನೆಂದು ಅವನು ಎದ್ದ. ಬಾಗಿಲ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಿತು. ಅದು ಇತ್ತೀಚಿನ ಚಾಳಿ. ವಿಶಾಲವಾದ ರಸ್ತೆಯಲ್ಲಿ ಸುಮ್ಮನಿದ್ದು, ಇಕ್ಕಟ್ಟು ಕಂಡಲ್ಲಿ ಕಾಲು ಮುಷ್ಕರ ಹೂಡುತ್ತಿತ್ತು. ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿ, ಇಲ್ಲದ ಮೆಟ್ಟಿಲನ್ನು ದಾಟುವಂತೆ ಕಾಲೆತ್ತಿ ಹೊರಗೆ ಬಂದ. ಬೀದಿಯ ಕೊನೆಯ ದಿನಸಿ ಅಂಗಡಿಯಲ್ಲಿ ಸಕ್ಕರೆ ಕೊಳ್ಳುವ ನೆಪವಿತ್ತು. ಅಂಗಡಿಯ ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕಬ್ಬಿಣದ ಬಟ್ಟನ್ನು ಇಟ್ಟಿದ್ದರು, ಎರಡು ಕಿಲೋದ್ದು. ವಿದ್ಯುತ್ ತಕ್ಕಡಿ ಬಂದ ಮೇಲೆ ಅದಕ್ಕೆ ಅದೇ ಉದ್ಯೋಗ. ಬಗ್ಗಿ ನೋಡಿದ. ತುಕ್ಕಿನ ನಡುವೆ ಸೀಸದ ಗುಂಡಿಯ ಮೇಲೆ ಹದಿನೇಳು ಎಂಬ ಅಂಕಿ. ಅದು ಅವನ ಮೊಹರಿನ ನಂಬರು. ಎಡಗೈಯಲ್ಲಿ ಉಳಿ ಹಿಡಿದು ಬಲಗೈಯಿಂದ ಸುತ್ತಿಗೆಯ ಒಂದೇ ಪೆಟ್ಟು. ಎರಡನೆಯ ಪೆಟ್ಟು ಹಾಕಿದ್ದನ್ನು ಕಂಡವರಿಲ್ಲ. ಬೇರೆಯವರ ಮೊಹರಿನಲ್ಲಿ ಅಂಕಿಯ ಪಕ್ಕ ನೆರಳಿನಂಥ ಇನ್ನೊಂದು ಅಂಕಿ ಇರುತ್ತಿತ್ತು. ಅವನದು ಒಂಟಿ, ಆಳ, ಅಂಚು ಚೂಪು. ಇಷ್ಟು ವರ್ಷ ಬಾಗಿಲಿನ ಒದೆ ತಿಂದೂ ಅದು ಹಾಗೇ ಇತ್ತು. ಅವನಿಗೆ ಕಣ್ಣು ತುಂಬಿ ಬಂತು, ದುಃಖಕ್ಕಲ್ಲ. ನಾನೇ ಮಾಡಿದ್ದು ಇದು ಎಂದು ಅಂಗಡಿಯವನನ್ನು ಕರೆದು ಹೇಳಬೇಕೆನ್ನಿಸಿತು. ಹಿಂದಿನಿಂದ ಯಾರೋ, ಒಳಗೆ ಹೋಗ್ತೀರೋ ಹೊರಗೆ ಬರ್ತೀರೋ ಒಂದು ನಿರ್ಧಾರ ಮಾಡಿ ಯಜಮಾನರೆ, ಎಂದರು. ಅವನು ಸರಿದು ಗಲ್ಲಾದ ಹತ್ತಿರ ಹೋದ.

ಸಕ್ಕರೆ ತೂಗುತ್ತಿದ್ದಾಗ ಅವನು ಆಸರೆಗೆಂದು ಕೈಯನ್ನು ತಕ್ಕಡಿಯ ಪಕ್ಕ ಊರಿದ್ದು, ಬೆರಳ ತುದಿ ತಟ್ಟೆಗೆ ತಾಗುತ್ತಿದ್ದುದು ಅವನಿಗೆ ಗೊತ್ತಾಗಲಿಲ್ಲ. ತಕ್ಕಡಿಯ ಹಸಿರು ಅಂಕಿಗಳು ಏರುತ್ತ ಇಳಿಯುತ್ತ ಒಂದೇ ಸಮನೆ ಮಿಣುಕಿದವು. ಅಂಗಡಿಯವನು ತಕ್ಕಡಿಗೆ ಒಂದು ಏಟು ಕೊಟ್ಟ, ಆರಿಸಿ ಹೊತ್ತಿಸಿದ, ಕೊನೆಗೆ ಕಾರಣ ಕಂಡು, ಸಿಟ್ಟಿಲ್ಲದ, ಮಕ್ಕಳಿಗೆ ಹೇಳುವ ದನಿಯಲ್ಲಿ, "ಕೈ ತೆಗೀರಿ ಸಾರ್, ತೂಕ ನಿಲ್ತಾ ಇಲ್ಲ" ಎಂದ. ಸಾಲಿನಲ್ಲಿದ್ದ ಒಬ್ಬಾಕೆ ಮುಖ ಆಚೆ ತಿರುಗಿಸಿದಳು, ನಗುವುದಕ್ಕೋ ಮರುಗುವುದಕ್ಕೋ. ಅವನು ಕೈಯನ್ನು ಜೇಬಿನೊಳಗೆ ತುರುಕಿದ. ಅಂಕಿ ನಿಂತಿತು. ಒಂದು ಕಿಲೋ, ಕರಾರುವಾಕ್ಕು. ದಾರಿಯುದ್ದಕ್ಕೂ ಆ ಮಾತು ಅವನ ಜೊತೆಗೇ ನಡೆದು ಬಂತು. ಯಾವ ತಕ್ಕಡಿಗೂ ಅವನು ತನ್ನ ಜನ್ಮದಲ್ಲಿ ಕೈ ಹಚ್ಚಿದವನಲ್ಲ. ಅಂಗಡಿಯಲ್ಲಿ ಕೈ ಹಚ್ಚಿದ್ದು ಕಾಯಿಲೆ, ಅದಕ್ಕೆ ಯಾರೂ ಹೊಣೆಯಲ್ಲ. ಮನೆಯಲ್ಲಿ ಐದು ತಿಂಗಳಿಂದ ಕೈ ಹಚ್ಚಿ ಕೂತಿರುವವನು ಯಾರು. ಹತ್ತೂವರೆಯ ಗುಳಿಗೆಯ ಹೊತ್ತಾಗಿತ್ತು. ಜೇಬಿನ ಡಬ್ಬಿಯನ್ನು ಮುಟ್ಟಿ ನೋಡಿದ. ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಲಿಲ್ಲವೆಂದು ಅವನಿಗೆ ಆಗ ತಿಳಿಯಲಿಲ್ಲ.

ಕ್ಲಿನಿಕ್ಕಿನವಳು ಹನ್ನೊಂದಕ್ಕೆ ಸರಿಯಾಗಿ ಬಂದಳು. ಸಮಯಕ್ಕೆ ಬರುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಇಷ್ಟ. ಪರದೆ ಒರೆಸಿದಳು, ಕ್ಯಾಮೆರಾದ ಕತ್ತನ್ನು ಸರಿಮಾಡಿದಳು, ಮೇಜಿನ ಅಂಚಿನಿಂದ ಪೆಟ್ಟಿಗೆಗೆ ಟೇಪು ಹಿಡಿದು ದೂರ ಅಳೆದು ಬರೆದುಕೊಂಡಳು. ಟೇಪನ್ನು ಬಿಗಿಯಾಗಿ ಎಳೆಯದೆ ಅಳೆದದ್ದನ್ನು ಕಂಡು ಅವನಿಗೆ ನಾಲಿಗೆ ತುರಿಸಿತು. ಅವಳು ಪೆಟ್ಟಿಗೆಯ ಹಿಂದೆ ಕೂತು ತನ್ನದೇ ಕಂಪ್ಯೂಟರನ್ನು ಬಿಚ್ಚಿ ಅದರಲ್ಲಿ ಕಣ್ಣು ನೆಟ್ಟಳು. ಹೆಂಡತಿ ಮೇಜಿನ ಮಗ್ಗುಲಲ್ಲಿ, ಮಗಳ ಶಾಲೆಯ ನಾಟಕಕ್ಕೆ ಬಂದ ತಾಯಿಯ ಹಾಗೆ, ಕೈ ಮಡಚಿ ಕೂತಿದ್ದಳು. ಐದು ತಿಂಗಳಲ್ಲಿ ಅವಳು ಪರೀಕ್ಷೆಯನ್ನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಪೆಟ್ಟಿಗೆ, ಬಲಗೈ ತೋರಿಸಿ, ಎಂದಿತು. ಅವನಿಗೆ ಹೇಳಬೇಕಾದದ್ದೆಲ್ಲ ಗಂಟಲಿನವರೆಗೆ ಬಂದಿತ್ತು. ಆದರೆ ಅಭ್ಯಾಸವೆಂಬುದು ಒಡೆಯನನ್ನು ಕೇಳಿ ಹೊರಡುವುದಿಲ್ಲ. ಎಡಗೈ ಎದ್ದಿತು. ಬಲಗೈ ಮೊಣಕಾಲುಗಳ ನಡುವಿನ ತನ್ನ ಜಾಗಕ್ಕೆ ಹೋಗಿ ಸೇರಿತು. ತಟ್ಟಿದ, ಹತ್ತು, ಮುಷ್ಟಿ ಬಿಗಿದ, ಬಿಚ್ಚಿದ, ಅಂಗೈ ಮಗುಚಿದ. ಹೆಂಡತಿ ಅವನ ಎತ್ತಿದ ಕೈಯನ್ನು ನೋಡಿದಳು. ಪರದೆಯಲ್ಲಿ ಬಲಗೈ ಎಂದು ಬರೆದಿದ್ದನ್ನು ನೋಡಿದಳು. ಮತ್ತೆ ಕೈಯನ್ನು ನೋಡಿದಳು. ಆಮೇಲೆ ಹೊಸ ಕನ್ನಡಕವನ್ನು ತೆಗೆದು, ಸೆರಗಿನಿಂದ ಎರಡೂ ಗಾಜುಗಳನ್ನು ನಿಧಾನವಾಗಿ ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದಳು. ಅವನ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ತನ್ನ ಮೇಲೆಯೇ ಬಂತು.

ಒಂದು ಎಂದು ಮೂಡಿತು. ಕ್ಲಿನಿಕ್ಕಿನವಳು, ತುಂಬಾ ಚೆನ್ನಾಗಿದೆ ಸರ್, ಎಂದು ಕಂಪ್ಯೂಟರಿನ ಮೇಲೆ ಬೆರಳಾಡಿಸತೊಡಗಿದಳು.

"ಅದನ್ನ ಬರ್ಕೋಬೇಡಿ" ಎಂದ ಅವನು. "ಇದು ಎಡಗೈ."

ಅವಳು ಪರದೆಯ ಮೇಲಿನಿಂದ ಇಣುಕಿದಳು. ಪರವಾಗಿಲ್ಲ, ಅವಸರದಲ್ಲಿ ಕೈ ಬದಲಾಗುತ್ತದೆ, ಇನ್ನೊಮ್ಮೆ ಮಾಡೋಣ, ಎಂದಳು. ಇವತ್ತಿನದಲ್ಲ, ಮೊದಲ ದಿನದಿಂದಲೂ, ಎಂದ ಅವನು. ಮೊದಲ ದಿನ ತಪ್ಪಿನಿಂದ, ಎರಡನೆಯ ದಿನದಿಂದ ಗೊತ್ತಿದ್ದೇ. ಹೇಳುತ್ತಿದ್ದಂತೆ ತನ್ನ ದನಿ ಗಟ್ಟಿಯಾಗುತ್ತಿರುವುದು ಅವನಿಗೆ ಕೇಳಿಸಿತು; ವರ್ಷದಿಂದ ಒಳಗೊಳಗೇ ಉಡುಗುತ್ತಿದ್ದ ದನಿ ಅಂಗಡಿ ಬೀದಿಯ ಕಾಲಕ್ಕೆ ಹೋಗಿ ನಿಂತಿತ್ತು. ಹೆಂಡತಿಯ ಕಡೆ ಅವನು ನೋಡಲಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಕ್ಲಿನಿಕ್ಕಿನವಳ ಮುಖ ಬಿಳಿಚಿಕೊಂಡಿತು. ನೂರೈವತ್ತು ದಿನದ ಅಂಕಿ, ಉಳಿದ ಪೆಟ್ಟಿಗೆಗಳನ್ನು ನಾಳೆಯೇ ತಿದ್ದುವುದಿತ್ತು, ಡಾಕ್ಟರಿಗೆ ಏನು ಹೇಳಲಿ ಎಂದು ಅರ್ಧ ತನಗೆ ತಾನೇ ಹೇಳಿಕೊಂಡಳು. ಆದರೂ ಒಳ್ಳೆಯ ಮನಸ್ಸಿನವಳು. ಎದುರಿಗೆ ಕೂತಿದ್ದವನ ವಯಸ್ಸು ನೋಡಿ ಸಮಾಧಾನಕ್ಕೆ ಹುಡುಕಿದಳು. "ನಷ್ಟ ಆಗಿದ್ದು ನಿಮಗೇ ತಾನೆ ಸರ್, ಬೇರೆಯವರಿಗೆ ಏನೂ ಆಗಿಲ್ಲವಲ್ಲ."

"ತಪ್ಪು ಯಾರ ಕಡೆ ವಾಲಿದರೂ ತಪ್ಪೇ ಅಮ್ಮ" ಎಂದ ಅವನು. ಅದೇ ಮಾತು, ಅದೇ ಅಮ್ಮ. ಈ ಸಲ ಬಾಯಿಗೆ ಹಿಟ್ಟಿನ ರುಚಿ ಬಂತು. "ಒಂದು ಬಿಳಿ ಹಾಳೆ ತಗೊಳ್ಳಿ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಒಂದು ಪದಕ್ಕೂ ತಡವರಿಸದೆ, ಅವನು ಮಹಜರು ಹೇಳಿ ಬರೆಸಿದ. ಇಂದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಕೆಳಗೆ ಸಹಿ ಮಾಡಿದ ಸಾಕ್ಷಿಗಳ ಸಮಕ್ಷಮ, ಸದರಿ ಮನೆಯ ಊಟದ ಮೇಜಿನ ಬಳಿ ತಪಾಸಣೆ ನಡೆಸಲಾಗಿ, ಸದರಿ ವ್ಯಕ್ತಿಯು ಕಳೆದ ಐದು ತಿಂಗಳ ಕಾಲ ಬಲಗೈಗೆ ಬದಲಾಗಿ ಎಡಗೈಯನ್ನು ಪರೀಕ್ಷೆಗೆ ಒಡ್ಡಿರುವುದು ಕಂಡುಬಂದಿದ್ದು, ಸದರಿ ಅವಧಿಯ ಎಲ್ಲ ಅಂಕಿಗಳನ್ನು ಅಸಿಂಧುವೆಂದು ಪರಿಗಣಿಸತಕ್ಕದ್ದು. ಸದರಿ ವ್ಯಕ್ತಿಯನ್ನು ಮಾದರಿಯ ಪಟ್ಟಿಯಿಂದ ತಕ್ಷಣ ಕೈಬಿಡತಕ್ಕದ್ದು. ಕ್ಲಿನಿಕ್ಕಿನವಳು ಶಾಲೆಯಲ್ಲಿ ಉಕ್ತಲೇಖನ ಬರೆಯುವವಳಂತೆ ತಲೆ ತಗ್ಗಿಸಿ ಬರೆದಳು. ಅವನು ಸ್ವಲ್ಪ ತಡೆದು, ಇನ್ನೊಂದು ಕಲಮು ಸೇರಿಸಿ, ಎಂದ. ಪರೀಕ್ಷಾ ಪೆಟ್ಟಿಗೆಯು ಎಡ ಬಲಗಳ ಭೇದವನ್ನು ಅರಿಯದಿರುವುದು ಸಹ ಕಂಡುಬಂದಿದ್ದು, ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿಯೂ ಇದನ್ನು ಪರಿಶೀಲಿಸತಕ್ಕದ್ದು. ಅವಳು ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ನೀವು ಎದುರಿಗೆ ನಿಂತು ಬಲಗೈ ಎತ್ತಿ ತೋರಿಸಿದಿರಲ್ಲ, ನನ್ನ ಹಾಗೆ ಇನ್ನೆಷ್ಟು ಜನ ಕನ್ನಡಿ ನೋಡಿದ ಹಾಗೆ ಎಡಗೈ ಎತ್ತಿದ್ದಾರೋ, ಎಂದ ಅವನು. ಮುಂದಿನ ಸಲ ಪಕ್ಕದಲ್ಲಿ ನಿಂತು ತೋರಿಸಿ. ಬಲ ಮಣಿಕಟ್ಟಿಗೆ ಒಂದು ಕೆಂಪು ಪಟ್ಟಿ ಕಟ್ಟಿಸಿ, ಪೆಟ್ಟಿಗೆಗೆ ಆ ಕೆಂಪು ಕಂಡರೆ ಮಾತ್ರ ಎಣಿಸಬೇಕೆಂದು ಹೇಳಿ. ಟೇಪನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅವಳು ಅದನ್ನೂ ಬರೆದುಕೊಂಡಳು. ನಿವೃತ್ತನಾದ ನಾಲ್ಕು ವರ್ಷಗಳ ನಂತರ ಮುಳ್ಳಪ್ಪ ಒಂದು ತಕ್ಕಡಿಯ ದೋಷ ಹಿಡಿದಿದ್ದ, ತನ್ನನ್ನೇ ಹಿಡಿದುಕೊಟ್ಟು. ಅವನಿಗೆ ನಾಚಿಕೆಯಾಗಿತ್ತು; ನಾಚಿಕೆಯ ಕೆಳಗೆ ಗಟ್ಟಿ ನೆಲದ ಹಾಗೆ ಹೆಮ್ಮೆ ಸಿಕ್ಕಿತು, ಅದರ ಮೇಲೆ ಅವನು ನಿಂತುಕೊಂಡ.

ಸಹಿಗೆ ಹಾಳೆ ಅವನ ಮುಂದೆ ಬಂತು. ಬಲಗೈಯಿಂದಲೇ ಹಾಕಿದ. ಸಹಿ ಸಣ್ಣದಾಗುತ್ತ ಹೋಗಿ ಕೊನೆಯ ಅಕ್ಷರ ಒಂದು ಚುಕ್ಕೆಯಾಯಿತು. ಕೆಳಗೆ ಹದಿನೇಳು ಎಂದು ಅಂಕಿಯಲ್ಲಿ ಬರೆದ. ಏಳರ ಬಾಲ ಎರಡೆರಡಾಗಿ ಅದುರಿತು. ಗುರುತು ಸರಿಯಾಗಿ ಮೂಡಿಲ್ಲವೆಂದು ಎರಡನೆಯ ಸಲ ಬರೆಯಲು ಹೋಗಲಿಲ್ಲ. ಮೊದಲನೆಯ ಸಾಕ್ಷಿಯಾಗಿ ಕ್ಲಿನಿಕ್ಕಿನವಳು ಸಹಿ ಮಾಡಿದಳು. ಎರಡನೆಯ ಸಾಕ್ಷಿಯ ಕಡೆಗೆ ಅವನು ಹಾಳೆಯನ್ನು ಸರಿಸಿದ, ಮುಖ ಎತ್ತದೆ. ಹೆಂಡತಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಲೈಬ್ರರಿಯವಳು, ಓದದೆ ಯಾವುದಕ್ಕೂ ಸಹಿ ಹಾಕುವವಳಲ್ಲ. ಓದಿ ಮುಗಿಸಿ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

"ಈಗ ಹಾಕಿ ನಿಮ್ಮ ಪೆಟ್ಟಿಗೆ" ಎಂದ ಅವನು.

ಬಲಗೈ ತೋರಿಸಿ, ಎಂದಿತು ಪೆಟ್ಟಿಗೆ. ಹತ್ತೂವರೆಯ ಗುಳಿಗೆ ತಪ್ಪಿಸಿದ್ದರಿಂದ, ಹಿಂದಿನದರ ಬಲ ಇಳಿದು ಮುಕ್ಕಾಲು ಗಂಟೆಯಾಗಿತ್ತು; ಇಷ್ಟು ಕೆಟ್ಟ ಹೊತ್ತಿನಲ್ಲಿ ಆ ಕೈಯನ್ನು ಅವನು ಯಾರಿಗೂ ತೋರಿಸಿದವನಲ್ಲ. ಮೊಣಕಾಲುಗಳ ನಡುವಿನಿಂದ ಅದನ್ನು ಬಿಡಿಸಿ ಬೆಳಕಿಗೆ ಎತ್ತಿದ. ಮೊದಲ ಮೂರು ತಟ್ಟು ಪರವಾಗಿಲ್ಲ. ನಾಲ್ಕನೆಯದರಿಂದ ಬೆರಳುಗಳ ನಡುವಿನ ಅಂತರ ಕುಗ್ಗುತ್ತ ಬಂತು. ಏಳನೆಯದಕ್ಕೆ ತೋರುಬೆರಳು ಹೆಬ್ಬೆರಳಿಗೆ ಅಂಟಿಕೊಂಡು ನಿಂತುಬಿಟ್ಟಿತು. ಕ್ಲಿನಿಕ್ಕಿನವಳು, ಸಾಕು ಸರ್, ಎಂದಳು. ಹತ್ತು ಎಂದರೆ ಹತ್ತು, ಎಂದ ಅವನು. ಹಣೆಯಲ್ಲಿ ಬೆವರೊಡೆಯಿತು. ಎಂಟು. ಒಂಬತ್ತಕ್ಕೆ ಇಡೀ ತೋಳು ಸಹಾಯಕ್ಕೆ ಬಂತು. ಹತ್ತು. ಮುಷ್ಟಿ ಅರ್ಧ ಬಿಚ್ಚಿತು. ಅಂಗೈ ಮಗುಚಲು ಮೊಣಕೈಯೂ ಮಗುಚಿತು. ಕೊನೆಗೆ ಕೈಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತ. ಕೈ ಅದುರುತ್ತಿತ್ತು, ಮೇಜಿನ ಮೇಲಿನ ಲೋಟದ ನೀರು ಅದುರುತ್ತಿತ್ತು. ಒಳಗೆ ಅವನು ನಿಶ್ಚಲವಾಗಿದ್ದ, ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದ ಕಾಲದ ಹಾಗೆ, ಉಸಿರು ಹಿಡಿದು. ಪರದೆಯಲ್ಲಿ ಮೂರು ಎಂದು ಮೂಡಿ ನಿಂತಿತು. ಅವನ ಜೀವಮಾನದ ಅತಿ ಕಷ್ಟದ ತೂಕ, ಗ್ರಾಮೂ ಹೆಚ್ಚಿಲ್ಲ, ಗ್ರಾಮೂ ಕಡಿಮೆಯಿಲ್ಲ. ಬರೆದುಕೊಳ್ಳಿ, ಹತ್ತೂವರೆಯ ಗುಳಿಗೆ ತೆಗೆದುಕೊಂಡಿಲ್ಲವೆಂಬುದನ್ನೂ ಬರೆದುಕೊಳ್ಳಿ, ಎಂದ.

ಆಗ ಹೆಂಡತಿ ಹೊಸ ಕನ್ನಡಕವನ್ನು ತೆಗೆದು ಮಡಚಿ, ಅದುರುತ್ತಿದ್ದ ಕೈಯ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಸ್ಥಿರವಾಗಿತ್ತು.

"ನನ್ನ ಹಳೇ ಕನ್ನಡಕ ಸರಿಯಾಗೇ ಇತ್ತು" ಎಂದಳು.

ಇತ್ತು, ಎಂದ ಅವನು. ಕೈಯನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ. ಅವಳು ಅದರ ಮೇಲೆ ತನ್ನ ಕೈ ಇಟ್ಟಳು, ಒತ್ತಿ ನಿಲ್ಲಿಸುವುದಕ್ಕಲ್ಲ, ಸುಮ್ಮನೆ. ಅವಳ ಬಳೆಗಳೂ ಅದರ ಜೊತೆ ಸಣ್ಣಗೆ ಸದ್ದು ಮಾಡತೊಡಗಿದವು.